ಹಳ್ಳದಾಚೆಯ ಶೆಡ್ಡು

ಸೈನ್ಯದಿಂದ ಬಿಡುಗಡೆಯಾಗಿ ಊರಿಗೆ ಬಂದವನಿಗೆ ನಮ್ಮ ಕಡೆ ಕೇಳುವ ಪ್ರಶ್ನೆಗಳು ಎರಡೇ. ಒಂದು, ಬಾಟ್ಲಿ ತಂದಿದೀಯಾ? ಇನ್ನೊಂದು, ಯಾವ ಬ್ಯಾಂಕಿಗೆ ಸೇರ್ತೀಯಾ? ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಟ್ರಂಕು ಇಳಿಸಿಕೊಂಡು ಮೊಳಕಾಲ್ಮೂರಿನ ಬಸ್ಸಿಗೆ ಕಾಯುತ್ತಿದ್ದಾಗಲೇ ಎರಡನ್ನೂ ಕೇಳಿಸಿಕೊಂಡೆ. ಮೊದಲನೆಯದಕ್ಕೆ ಇಲ್ಲ ಅಂದೆ. ಎರಡನೆಯದಕ್ಕೆ ಉತ್ತರ ಕೊಡಲಿಲ್ಲ, ಕೊಟ್ಟಿದ್ದರೆ ಜಗಳವಾಗುತ್ತಿತ್ತು. ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತು, ಬಂದವರಿಗೆಲ್ಲ ಬಾಗಿಲು ತೆಗೆದು, ನಡುನಡುವೆ ಮ್ಯಾನೇಜರಿಗೆ ಚಹಾ ತಂದುಕೊಡುವ ಕೆಲಸವನ್ನು ನಾನು ಮಾಡುವುದಿಲ್ಲ ಎಂದು ಬಹಳ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಆ ಕೆಲಸ ಕೀಳು ಅಂತಲ್ಲ. ನನ್ನ ಜೊತೆಯವರು ಎಷ್ಟೋ ಜನ ಅದನ್ನೇ ಮಾಡಿ ಮಕ್ಕಳನ್ನು ಓದಿಸಿದ್ದಾರೆ. ಹದಿನೇಳು ವರ್ಷ ದೇಶದ ಬಾಗಿಲು ಕಾದ ಮೇಲೆ ಇನ್ನು ಯಾರ ಬಾಗಿಲನ್ನೂ ಕಾಯಬಾರದು ಅನ್ನುವುದು ನನ್ನ ಹಟ, ಅಷ್ಟೇ.

ಬಿಡುಗಡೆಗೆ ಮುಂಚೆ ಸೈನ್ಯದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಹೊರಗೆ ಹೋಗಿ ಬದುಕಲು ಬೇಕಾಗುವ ಯಾವುದಾದರೊಂದು ಕೆಲಸದಲ್ಲಿ ತರಬೇತಿ ಕೊಡಿಸುತ್ತಾರೆ. ನಮ್ಮ ಸುಬೇದಾರರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಒಬ್ಬ ಸೆಕ್ಯುರಿಟಿ ಅಂದ, ಇನ್ನೊಬ್ಬ ಡ್ರೈವಿಂಗ್ ಅಂದ, ಸ್ವಲ್ಪ ಓದಿಕೊಂಡವನು ಕಂಪ್ಯೂಟರ್ ಅಂದ. ನಾನು ಕೋಳಿ ಸಾಕಾಣಿಕೆ ಅಂದೆ. ಹಿಂದಿನ ಸಾಲಿನಿಂದ ಯಾವನೋ ಹುಂಜದ ಹಾಗೆ ಕೂಗಿದ. ಸುಬೇದಾರರು ನಗಲಿಲ್ಲ, ಯಾಕೆ ಅಂತ ಕೇಳಿದರು. ನನಗೆ ಬೇಕಾಗಿದ್ದೂ ಅದೇ.

ಯಾಕೆಂದರೆ ಸರ್, ನಮ್ಮ ಚಳ್ಳಕೆರೆಯಲ್ಲಿ ಬೀದಿಗೊಂದು ಎಣ್ಣೆ ಮಿಲ್ಲಿದೆ, ಶೇಂಗಾ ಹಿಂಡಿಗೆ ದೂರ ಹೋಗಬೇಕಾಗಿಲ್ಲ. ಗಾಳಿ ಒಣ, ತೇವದಿಂದ ಬರುವ ಕೋಳಿರೋಗಗಳು ಕಡಿಮೆ. ಬಳ್ಳಾರಿಗೆ ಹೋಗುವ ದೊಡ್ಡ ರಸ್ತೆ ನಮ್ಮ ಹೊಲದಿಂದ ಕೂಗಳತೆಯಲ್ಲಿದೆ. ಪಟ್ಟಣದ ಹೋಟೆಲುಗಳಿಗೆ ಕೋಳಿ ಬರುವುದು ಎಲ್ಲಿಂದಲೋ ಲಾರಿಯಲ್ಲಿ, ದಾರಿಯಲ್ಲೇ ಅರ್ಧ ಸತ್ತು. ಹೀಗೆ ಒಂದೊಂದಾಗಿ ಹೇಳಿದೆ. ಸುಬೇದಾರರು ನನ್ನ ಬೆನ್ನು ತಟ್ಟಿ ಮುಂದಿನವನ ಬಳಿಗೆ ಹೋದರು. ಆಮೇಲೆ ತರಬೇತಿಯಲ್ಲಿ ಮರಿಗಳಿಗೆ ಕಾವು ಕೊಡುವುದು, ಲಸಿಕೆ ಹಾಕುವುದು, ಮೇವು ಬೆರೆಸುವುದು, ಶೆಡ್ಡನ್ನು ಯಾವ ದಿಕ್ಕಿಗೆ ಕಟ್ಟಬೇಕು ಅನ್ನುವುದು, ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತೆ.

ನೀರು, ಗಾಳಿ, ಮೇವು, ರಸ್ತೆ, ಮಾರುಕಟ್ಟೆ, ಎಲ್ಲವನ್ನೂ ಯೋಚಿಸಿದ್ದೆ. ನಮ್ಮ ಹಟ್ಟಿಯ ಕೂಸಿಗೂ ಗೊತ್ತಿದ್ದ ಒಂದನ್ನು ಮಾತ್ರ ಬದಿಗಿಟ್ಟಿದ್ದೆ. ನಮ್ಮವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಹಟ್ಟಿಯೊಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಕುರಿ ಆಗುತ್ತದೆ, ಮೇಕೆ ಆಗುತ್ತದೆ. ಕೋಳಿ ನಮ್ಮ ದೇವರಿಗೆ ಆಗದು. ಯಾಕೆ ಅಂತ ಕೇಳಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ, ಆಗದು ಅನ್ನುವುದರಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು.

ನನಗೆ ಇದು ಮರೆತಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಹಟ್ಟಿಯಲ್ಲಿ ಒಂದೊಂದು ಹೊಸದು ಕಾಣುತ್ತಿತ್ತು. ಒಂದು ಸಲ ಟೀವಿ, ಇನ್ನೊಂದು ಸಲ ರಸ್ತೆ ಪಕ್ಕದಲ್ಲಿ ಹಳದಿ ಬೋರ್ಡಿನ ಫೋನ್ ಬೂತು. ಕಂಬಳಿ ಹೊದ್ದು ಕುರಿ ಕಾಯುತ್ತಿದ್ದವರ ಮಕ್ಕಳು ಪ್ಯಾಂಟು ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದರು. ಇಷ್ಟೆಲ್ಲ ಬದಲಾಗಿದೆ, ಕೋಳಿಯದ್ದೂ ಬದಲಾಗಿರುತ್ತದೆ ಅಂದುಕೊಂಡೆ. ರಜೆಯಲ್ಲಿ ಬಂದು ಹೋಗುವವನಿಗೆ ಕಣ್ಣಿಗೆ ಕಾಣುವಷ್ಟೇ ಕಾಣುತ್ತದೆ.

ಅವ್ವನಿಗೆ ಹೇಳಿದ್ದು ಬಂದ ವಾರದಲ್ಲೇ. ಅವ್ವ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಅಪ್ಪ ಸತ್ತ ಮೇಲೆ ದೂರದ ವರವು ಕಾವಲಿನ ಹುಲ್ಲುಗಾವಲಿನವರೆಗೂ ಒಬ್ಬಳೇ ಕುರಿ ಹೊಡೆದುಕೊಂಡು ಹೋಗಿ ನಮ್ಮನ್ನು ಸಾಕಿದವಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು, ನನ್ನ ಹಟದ ಬೇರು ಇರುವುದೂ ಅಲ್ಲೇ. ನಾನು ಹೇಳಿ ಮುಗಿಸುವವರೆಗೆ ಅವಳ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಮೊರವನ್ನು ಬದಿಗಿಟ್ಟಳು.

‘ಏನು ಸಾಕ್ತೀಯಾ? ಇನ್ನೊಂದ್ಸಲ ಹೇಳು.’

‘ಕೋಳಿ.’

‘ಕುರಿ ಸಾಕು. ಎಮ್ಮೆ ಸಾಕು. ನಿನ್ ಪಿಂಚಣಿ ಬರ್ತೈತೆ, ಸುಮ್ನೆ ಕೂತಾದ್ರೂ ಉಣ್ಣು. ಆ ಹೆಸ್ರು ಈ ಅಂಗಳದಾಗೆ ಎತ್ಬ್ಯಾಡ.’

ಒಳಗೆ ಒಲೆಯ ಮುಂದಿದ್ದ ನನ್ನ ಹೆಂಡತಿ ಬೆಂಕಿಯನ್ನು ಸುಮ್ಮಸುಮ್ಮನೆ ಕೆದಕುತ್ತಿದ್ದಳು. ಅವಳೂ ನಮ್ಮವರ ಪೈಕಿಯೇ, ಇನ್ನೊಂದು ಹಟ್ಟಿಯಿಂದ ಬಂದವಳು. ಆಮೇಲೆ ನನ್ನನ್ನು ಬದಿಗೆ ಕರೆದು, ಅತ್ತೆಯ ಮಾತನ್ನು ಮೀರುವುದಿಲ್ಲ, ನಿಮ್ಮ ಕೆಲಸವನ್ನು ಬೇಡ ಅನ್ನುವುದೂ ಇಲ್ಲ ಅಂದಳು. ಅದಕ್ಕಿಂತ ಹೆಚ್ಚು ಧೈರ್ಯ ಅವಳಿಂದ ಕೇಳುವುದು ನ್ಯಾಯವಾಗಿರಲಿಲ್ಲ.

ವಿಷಯ ಹಟ್ಟಿಯ ಹಿರಿಯರಿಗೆ ಹೋಯಿತು. ಗುಡಿಯ ಕಟ್ಟೆಯ ಮುಂದೆ ಸೇರಿದರು. ನಾನು ಅಭ್ಯಾಸಬಲದಿಂದ ನೆಟ್ಟಗೆ ನಿಂತುಕೊಂಡೆ. ಯಜಮಾನರು ಬಹಳ ವಯಸ್ಸಾದವರು, ಮನೆಮಾತು ತೆಲುಗು, ಸಿಟ್ಟು ಬಂದಾಗ ಕನ್ನಡ ಬಿಟ್ಟು ಅದಕ್ಕೇ ಹೋಗುತ್ತಿದ್ದರು. ‘ಕೋಡಿ ವದ್ದು ನಾಯನಾ,’ ಅಂದರು. ಕೋಳಿ ಬೇಡ ಮಗನೇ. ಮಾತಿನಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. ಅದರಿಂದಲೇ ನನಗೆ ಉತ್ತರ ಕೊಡುವುದು ಕಷ್ಟವಾಯಿತು. ಬೈದಿದ್ದರೆ ಸುಲಭವಾಗುತ್ತಿತ್ತು.

‘ಯಜಮಾನ್ರೇ, ನಮ್ಮಪ್ಪನ ಹೊಲ ಹಳ್ಳದ ಆಚೆಗೈತೆ. ಹಳ್ಳದಿಂದ ಆಚೆ ಹಟ್ಟಿ ಸೀಮೆ ಹೌದೋ, ಅಲ್ಲೋ? ಅಷ್ಟು ಹೇಳ್ರಿ,’ ಅಂದೆ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹಳ್ಳವೇ ಗಡಿಯೆಂದು ಅವರೇ ನೂರು ಸಲ ಹೇಳಿದ್ದರು. ಮೊದಮೊದಲು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು, ನಾನು ಬಿಡಲಿಲ್ಲ. ಕೊನೆಗೆ ಯಜಮಾನರು ಒಂದು ಮಾತು ಹೇಳಿದರು. ‘ಕಟ್ಕೊ. ಆದ್ರೆ ಒಂದು ಪುಕ್ಕ ಹಳ್ಳ ದಾಟಬಾರ್ದು. ನೀನು ದಾಟೋದಾದ್ರೆ ಅಲ್ಲೇ ಮೈ ತೊಳ್ಕಂಡು, ಬಟ್ಟೆ ಬದ್ಲಾಯಿಸ್ಕಂಡು ದಾಟ್ಬೇಕು.’ ನಾನು ಕೈ ಮುಗಿದೆ. ಗೆದ್ದೆ ಅಂದುಕೊಂಡು ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲಿ ಕೂತಿದ್ದಳು.

‘ಹಟ್ಟೀದು ಆಯ್ತು. ಮನೇದು ನಾನು ಹೇಳ್ತೀನಿ ಕೇಳು. ನಮ್ಮನ್ಯಾಗೆ ದೇವರ ಪೆಟ್ಟಿಗೆ ಐತೆ. ನಿಮ್ ತಾತ, ನಿಮ್ಮಪ್ಪ, ಈಗ ನಾನು ದೀಪ ಹಚ್ಕಂಡು ಬಂದೀವಿ. ಆ ಕೆಲ್ಸ ಮಾಡೋವರ್ಗೂ ಈ ಹೊಸ್ತಿಲು ದಾಟ್ಬ್ಯಾಡ. ಜಗಲಿ ಮ್ಯಾಲೆ ಕೂತ್ಕೊ, ಉಂಬಾಕೆ ಇಕ್ತೀನಿ.’

‘ಬ್ಯಾಂಕಿಗೆ ಸೇರಿದ್ರೆ?’

‘ಒಳಗೆ ಬಾ.’

ಸೈನ್ಯದಲ್ಲಿದ್ದಷ್ಟು ಕಾಲವೂ ನಾನು ಮಲಗುವ ಮುಂಚೆ ನೆನೆಸಿಕೊಳ್ಳುತ್ತಿದ್ದುದು ಆ ಮನೆಯ ಒಳಗನ್ನು. ಒಲೆಯ ಪಕ್ಕದ ಆ ಒಂದು ಜಾಗವನ್ನು, ಅಲ್ಲಿ ಗೋಡೆಗೆ ಒರಗಿ ಕೂತು ಬಿಸಿ ಮುದ್ದೆ ಉಣ್ಣುವುದನ್ನು. ಅದಕ್ಕೆ ತಾನೇ ಊರಿಗೆ ಬಂದದ್ದು. ಈಗ ಒಂದು ಕಡೆ ಆ ಜಾಗ, ಇನ್ನೊಂದು ಕಡೆ ನನ್ನದೇ ಅನ್ನುವ ಕೆಲಸ. ಆ ಗಳಿಗೆಯಲ್ಲಿ ನನಗೆ ಬಂದದ್ದು ಸಿಟ್ಟಲ್ಲ, ಅಳು. ಸಿಟ್ಟು ಬೆಳಿಗ್ಗೆ ಬಂತು. ಆ ಸಿಟ್ಟಿನಲ್ಲೇ ಗುದ್ದಲಿ ತೆಗೆದುಕೊಂಡು ಹಳ್ಳ ದಾಟಿ ಶೆಡ್ಡಿನ ಕಂಬಗಳಿಗೆ ಗುಂಡಿ ತೋಡಿದೆ.

ಉದ್ದ ಪೂರ್ವ-ಪಶ್ಚಿಮಕ್ಕೆ ಬರುವಂತೆ, ಬಿಸಿಲು ನೇರ ಒಳಗೆ ಹೊಡೆಯದ ಹಾಗೆ, ಕಲಿತಂತೆಯೇ ಕಟ್ಟಿದೆ. ಕಲ್ಲಿನ ಕಂಬ, ಮೇಲೆ ಸಿಮೆಂಟಿನ ಶೀಟು, ಎರಡೂ ಬದಿಗೆ ಮೊಣಕಾಲೆತ್ತರ ಗೋಡೆ, ಅದರ ಮೇಲೆ ತಂತಿಯ ಬಲೆ. ಕೊಳವೆಬಾವಿಯಲ್ಲಿ ನಮ್ಮ ಅದೃಷ್ಟಕ್ಕೆ ನೀರು ಬಿತ್ತು. ಶೆಡ್ಡಿನ ಪಕ್ಕ ಒಂದು ತೊಟ್ಟಿ ಕಟ್ಟಿಸಿದೆ. ಮೂಲೆಯಲ್ಲಿ ನನಗೊಂದು ಸಣ್ಣ ಕೋಣೆ, ಒಂದು ಹಗ್ಗದ ಮಂಚ. ಮತ್ತೆ ಒಬ್ಬನೇ ಒಂದು ಕೋಣೆಯಲ್ಲಿ, ಮನೆಯನ್ನು ದೂರದಿಂದ ನೋಡಿಕೊಂಡು. ಗಡಿಯಲ್ಲಿದ್ದಾಗ ಮನೆ ಎರಡು ದಿನದ ರೈಲಿನ ದಾರಿ ದೂರವಿತ್ತು, ಈಗ ಕಲ್ಲು ಬೀಸಿದರೆ ಬೀಳುವಷ್ಟು. ಯಾವುದು ಹೆಚ್ಚು ಕಷ್ಟ ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಮೇವಿಗೆ ಹಿಂಡಿ ಬೇಕಾಗಿ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿಗೆ ಹೋದೆ. ಮಾಲೀಕರು ಹಣೆ ತುಂಬ ವಿಭೂತಿ ಧರಿಸಿದ, ಬಹಳ ಮರ್ಯಾದಸ್ಥ ಮನುಷ್ಯರು. ನಾನು ಸೈನ್ಯದಿಂದ ಬಂದವನೆಂದು ಗೊತ್ತಾದ ಕೂಡಲೇ ಕುರ್ಚಿ ಹಾಕಿಸಿ ಮಜ್ಜಿಗೆ ತರಿಸಿದರು.

‘ನೋಡ್ರಿ, ನಮ್ ಮಿಲ್ಲಿನ ಗೇಟಿಗೆ ನಿಮ್ಮಂಥೋರೇ ಬೇಕು. ಇರೋನು ಹಗಲೊತ್ತೇ ನಿದ್ದೆ ಹೊಡೀತಾನೆ. ಯೂನಿಫಾರಂ ಕೊಡ್ತೀವಿ, ಇರೋಕೆ ರೂಮು ಕೊಡ್ತೀವಿ.’

‘ಇಲ್ಲ ಸಾವ್ಕಾರ್ರೇ, ನಾನು ಹಿಂಡಿ ಕೊಳ್ಳಾಕೆ ಬಂದೀನಿ.’

‘ಎಷ್ಟು ಎಮ್ಮೆ ಅವೆ?’

‘ಎಮ್ಮೆಗಲ್ಲ, ಕೋಳಿಗೆ.’

ಅವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಪಾಪ, ಮೊಟ್ಟೆ ಕೂಡ ತಿನ್ನದ ಮನೆಯವರು. ನಮ್ಮ ಹಟ್ಟಿಯವರು ಕುರಿ ತಿಂದರೂ ಕೋಳಿ ಮುಟ್ಟುವುದಿಲ್ಲ, ಇವರು ಯಾವುದನ್ನೂ ಮುಟ್ಟುವುದಿಲ್ಲ, ಇಬ್ಬರ ನಡುವೆ ನಾನೊಬ್ಬ ಕೋಳಿಯವನು. ಆಮೇಲೆ ಲೋಟ ಕೆಳಗಿಟ್ಟು, ಹಿಂಡಿ ಯಾರ ಹೊಟ್ಟೆಗೆ ಹೋದರೂ ನಮಗೇನಂತೆ ಎಂದು ಚೀಲ ಹೊರಿಸಿದರು. ವ್ಯಾಪಾರಿಗಳಿಗೆ ಧರ್ಮಸಂಕಟ ಬೇಗ ಪರಿಹಾರವಾಗುತ್ತದೆ. ನಾನು ಹೊರಡುವಾಗ ಗೇಟಿನ ಕೆಲಸದ ಮಾತನ್ನು ಇನ್ನೊಂದು ಸಲ ಎತ್ತಿದರು.

ಮೊದಲ ತಂಡದ ಮರಿಗಳು ಟೆಂಪೋದಲ್ಲಿ ಬಂದವು. ಕಾಗದದ ಡಬ್ಬಿಗಳಲ್ಲಿ ಹಳದಿ ಮರಿಗಳ ಚಿಲಿಪಿಲಿ ಕೇಳಿ ನನಗೆ ಎಂದೂ ಆಗದಷ್ಟು ಹೆದರಿಕೆಯಾಯಿತು. ಬಂದೂಕು ಹಿಡಿದಿದ್ದಾಗ ಇಷ್ಟು ಜೀವಗಳು ನನ್ನೊಬ್ಬನ ಕೈಯಲ್ಲಿರಲಿಲ್ಲ. ಬಲ್ಬಿನ ಕೆಳಗೆ ಅವು ಗುಂಪುಗೂಡಿದರೆ ಚಳಿ, ದೂರ ಸರಿದರೆ ಸೆಕೆ ಎಂದು ತಿಳಿದು ಬಲ್ಬನ್ನು ಏರಿಸುತ್ತ ಇಳಿಸುತ್ತ ಇದ್ದೆ. ಆ ತಂಡ ಬೆಳೆದು ಮಾರಾಟಕ್ಕೆ ಬಂದಾಗ ಚಳ್ಳಕೆರೆಯ ಕೋಳಿ ವ್ಯಾಪಾರಿ ಸಾಬರು ವ್ಯಾನು ತಂದರು. ಒಂದನ್ನು ಕಾಲು ಹಿಡಿದು ಎತ್ತಿ ಎದೆ ಮುಟ್ಟಿ ನೋಡಿ, ‘ಮಾಲ್ ಬರೋಬ್ಬರಿ ಐತೆ. ಫಿಕರ್ ಮಾಡ್ಬೇಡಿ, ಇನ್ಮೇಲೆ ನಂದೇ ವ್ಯಾನು,’ ಅಂದರು. ಪರಶುರಾಂಪುರದ ಸಂತೆಗೂ ಅವರೇ ಒಯ್ಯತೊಡಗಿದರು. ಕೆಲಸ ನಡೆಯುತ್ತದೆ ಅನ್ನುವುದು ನನಗೆ ಖಾತ್ರಿಯಾಯಿತು.

ದಿನಕ್ಕೊಂದು ಸಲ ಸಂಜೆ ಮೈ ತೊಳೆದು, ಬಟ್ಟೆ ಬದಲಿಸಿ, ಹಳ್ಳ ದಾಟಿ ಮನೆಗೆ ಹೋಗುತ್ತಿದ್ದೆ. ಜಗಲಿಯ ಮೇಲೆ ನನ್ನ ತಟ್ಟೆ. ಹೆಂಡತಿ ಇಲ್ಲವೇ ಅವ್ವ ಒಳಗಿನಿಂದ ತಂದು ಬಡಿಸಿ ಹೋಗುತ್ತಿದ್ದರು. ಮಕ್ಕಳು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಅವ್ವ ಮಾತಾಡುತ್ತಿದ್ದಳು, ಮಳೆಯ ಬಗ್ಗೆ, ಕುರಿಯ ಬಗ್ಗೆ, ನೆಂಟರ ಬಗ್ಗೆ. ಶೆಡ್ಡಿನ ಬಗ್ಗೆ ಒಂದು ಮಾತೂ ಇಲ್ಲ. ಬೀಗರು ಬಂದರೆ ಒಳಗೆ ಕೂತು ಉಣ್ಣುತ್ತಿದ್ದರು, ಮನೆಯ ಮಗ ಹೊರಗೆ. ಆದರೂ ಒಂದು ಸಂಜೆಯೂ ತಪ್ಪಿಸಲಿಲ್ಲ. ತಪ್ಪಿಸಿದರೆ ಅವ್ವ ಗೆದ್ದಂತಾಗುತ್ತದೆ ಅಂತ ಹಟ, ಅವ್ವನ ಕೈಯೂಟ ಬಿಡಬಾರದು ಅಂತ ಆಸೆ, ಎರಡೂ ಇತ್ತು.

ಆಷಾಢದಲ್ಲಿ ನಮ್ಮ ಕಡೆಯ ಗಾಳಿ ಎಂಥದ್ದು ಅನ್ನುವುದು ಅಲ್ಲಿದ್ದವರಿಗೇ ಗೊತ್ತು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ನಿಂತರೆ ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ. ಒಂದು ಬೆಳಿಗ್ಗೆ ಆ ಗಾಳಿ ನನ್ನ ಶೆಡ್ಡಿನಿಂದ ಒಂದು ಬಿಳಿ ಪುಕ್ಕವನ್ನು ಎತ್ತಿಕೊಂಡು ಹೋಗಿ ಗುಡಿಯ ಕಟ್ಟೆಯ ಮೇಲೆಯೇ ಹಾಕಿತು. ಯಜಮಾನರು ಹೇಳಿ ಕಳಿಸಿದರು. ನಾನು ವಾದ ಮಾಡಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ. ಗಾಳಿಯ ಬದಿಗೆ ಗೋಣಿಚೀಲದ ಪರದೆ ಹೊಲಿಸಿ ಕಟ್ಟಿದೆ, ಬೇಲಿಗೆ ಜಾಲಿಮುಳ್ಳು ಒತ್ತಾಗಿ ಜಡಿದೆ. ಮತ್ತೆ ಗಾಳಿ ಇಳಿಯುವವರೆಗೆ ದಿನಾ ನಸುಕಿನಲ್ಲಿ ಸ್ನಾನ ಮಾಡಿ, ಹಳ್ಳದಿಂದ ಗುಡಿಯವರೆಗೆ ನೆಲ ನೋಡಿಕೊಂಡು ನಡೆದು, ಸಿಕ್ಕ ಪುಕ್ಕವನ್ನೆಲ್ಲ ಕಡ್ಡಿಯಲ್ಲಿ ಎತ್ತಿ ಚೀಲಕ್ಕೆ ಹಾಕಿದೆ. ದೊಡ್ಡ ಸಾಹೇಬರು ಬರುತ್ತಾರೆಂದರೆ ಪೆರೇಡು ಮೈದಾನದಲ್ಲಿ ಬೀಡಿತುಂಡು ಆಯಿಸುತ್ತಿದ್ದರು, ಆಗ ಶಪಿಸುತ್ತಿದ್ದೆ. ಈಗ ನನ್ನ ಕೆಲಸಕ್ಕಾಗಿ ನಾನೇ ಆಯುತ್ತಿದ್ದೆ, ಶಪಿಸಲು ಯಾರೂ ಇರಲಿಲ್ಲ. ಹಟ್ಟಿಯ ಹೆಂಗಸರು ನಕ್ಕರು. ‘ಮಿಲ್ಟ್ರಿ ಬೆಳಗಾಗೆದ್ದು ಏನು ಹುಡುಕ್ತಾನೆ?’ ಅಂತ ಒಬ್ಬಳು ಅಂದರೆ, ಅವ್ವ ನೀರಿನ ಕೊಡ ಇಳಿಸಿ, ‘ಅವನ ಮಾತು ಅವನು ಉಳಿಸ್ಕಂತಾನೆ, ನಿಂಗೇನು?’ ಅಂದಳಂತೆ. ಹೆಂಡತಿ ಹೇಳಿದ್ದು.

ನಿಜವಾದ ಪರೀಕ್ಷೆ ಮುಂದಿನ ಬೇಸಿಗೆಯಲ್ಲಿ ಬಂತು. ಹೆಂಡತಿ ಮಕ್ಕಳು ಶಾಲೆಯ ರಜೆಗೆ ತವರಿಗೆ ಹೋಗಿದ್ದರು. ಶೆಡ್ಡಿನಲ್ಲಿ ಮಾರಲು ಬಂದ ಕೋಳಿಗಳು, ಇನ್ನೆರಡು ದಿನದಲ್ಲಿ ಸಾಬರ ವ್ಯಾನು ಬರಬೇಕು. ಅಂಥ ಹೊತ್ತಿನಲ್ಲೇ ಬಿಸಿಲು ಅವಕ್ಕೆ ಮೃತ್ಯು. ಮೈತುಂಬ ಮಾಂಸ, ಬೆವರುವುದಕ್ಕೆ ದಾರಿಯಿಲ್ಲ. ಅವತ್ತು ಬೆಳಗಿನಿಂದಲೇ ಗಾಳಿ ಸತ್ತುಹೋಗಿತ್ತು. ಬಿಸಿಲೇರುವ ಹೊತ್ತಿಗೆ ಕರೆಂಟೂ ಹೋಯಿತು. ಫ್ಯಾನು ನಿಂತವು, ಮೋಟಾರು ನಿಂತಿತು. ತೊಟ್ಟಿಯಲ್ಲಿದ್ದಷ್ಟೇ ನೀರು. ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡತೊಡಗಿದವು. ಆ ಸದ್ದು ಶೆಡ್ಡಿನ ತುಂಬ ಕೇಳುತ್ತಿತ್ತು.

ಮಾಡಬೇಕಾದ್ದು ನನಗೆ ಗೊತ್ತಿತ್ತು. ಮೇವು ತೆಗೆಯಬೇಕು, ಶೀಟಿನ ಮೇಲೆ ನೀರು ಎರಚಬೇಕು, ಬದಿಯ ಗೋಣಿಪರದೆಗಳನ್ನು ಒಣಗಲು ಬಿಡದೆ ನೆನೆಸುತ್ತಲೇ ಇರಬೇಕು, ನಡುನಡುವೆ ಒಳಗೆ ಓಡಾಡಿ ಕೂತ ಕೋಳಿಗಳನ್ನು ಎಬ್ಬಿಸಬೇಕು. ಇಬ್ಬರು ಮೂವರು ಮಾಡುವ ಕೆಲಸ. ಹಟ್ಟಿಯಿಂದ ಯಾರೂ ಬರುವಂತಿರಲಿಲ್ಲ, ನಾನು ಕರೆಯುವಂತೆಯೂ ಇರಲಿಲ್ಲ. ಕೊಡ ತುಂಬಿಕೊಂಡು ಏಣಿ ಹತ್ತುವುದು, ಎರಚುವುದು, ಇಳಿಯುವುದು, ಪರದೆಗೆ ಸುರಿಯುವುದು, ಒಳಗೆ ಓಡುವುದು. ಮೊದಲ ಕೋಳಿ ನನ್ನ ಕಾಲ ಬಳಿಯೇ ಹೊರಳಿಬಿತ್ತು. ಆಮೇಲೆ ಇನ್ನೊಂದು. ಈ ತಂಡ ಹೋದರೆ ಇನ್ನೊಂದು ತಂಡ ತರಲು ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ತಿಳಿದಿತ್ತು. ಎಣ್ಣೆ ಮಿಲ್ಲಿನ ಗೇಟು ಕಣ್ಣ ಮುಂದೆ ಬಂತು. ಕೂಗಿ ಅಳಬೇಕೆನ್ನಿಸಿತು, ಅದಕ್ಕೂ ಬಿಡುವಿರಲಿಲ್ಲ.

ಏಣಿಯ ಮೇಲಿದ್ದಾಗ ಕಂಡೆ, ಅವ್ವ ಹಳ್ಳದ ಆ ದಡದಲ್ಲಿ ಸೆರಗನ್ನು ತಲೆ ಮೇಲೆ ಹೊದ್ದು ನಿಂತಿದ್ದಳು. ಕೈಯಲ್ಲಿ ಬುತ್ತಿ. ಮಧ್ಯಾಹ್ನ ನಾನು ಬರಲಾರೆನೆಂದು ಅವಳು ಕೆಲವೊಮ್ಮೆ ರೊಟ್ಟಿ ತಂದು ದಡದ ಮೇಲಿಟ್ಟು ಕೂಗಿ ಹೋಗುವುದಿತ್ತು. ಅವತ್ತು ಕೂಗಲಿಲ್ಲ. ನನ್ನ ಓಡಾಟವನ್ನು ನೋಡುತ್ತ ನಿಂತಳು. ನಾನು ಇಳಿದು ಕೊಡ ತುಂಬಿಸಿ ಮತ್ತೆ ಹತ್ತಿದೆ. ತಿರುಗಿ ನೋಡುವಾಗ ದಡದಲ್ಲಿ ಯಾರೂ ಇರಲಿಲ್ಲ. ಹೋದಳು ಅಂದುಕೊಂಡೆ. ಬೇಸರವಾಯಿತು, ಬೇಸರಪಟ್ಟುಕೊಳ್ಳುತ್ತಲೇ ನೀರು ಎರಚಿದೆ.

ಕೆಳಗಿನಿಂದ ದನಿ ಬಂತು. ‘ಲೇ, ಈ ಚೀಲ ಒಣಗೈತೆ. ಇಲ್ಲಿಗೂ ಹಾಕ್ಬೇಕಾ?’

ಅವ್ವ ತೊಟ್ಟಿಯ ಪಕ್ಕ ನಿಂತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟುತ್ತಿದ್ದಳು. ಹೌದೆಂದು ತಲೆ ಆಡಿಸಿದೆ. ಅವಳು ಕೊಡ ಎತ್ತಿಕೊಂಡಳು. ಕುರಿಮಂದೆಗೆ ನೀರು ಸೇದಿ ಸೇದಿ ಗಟ್ಟಿಯಾದ ಕೈ, ವಯಸ್ಸಾದರೂ ಸೋತಿರಲಿಲ್ಲ. ಪರದೆಗಳನ್ನು ಅವಳಿಗೆ ಬಿಟ್ಟು ನಾನು ಶೀಟಿನ ಮೇಲಕ್ಕೂ ಒಳಕ್ಕೂ ಓಡಾಡಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಅವಳು ಬಾಗಿಲಲ್ಲಿ ನಿಂತು, ಕುರಿ ಎಬ್ಬಿಸುವ ಹಾಗೆ ‘ಹ್ಞೂ ಹ್ಞೂ, ಏಳ್ರೇ’ ಅನ್ನುತ್ತ, ಕೋಲಿನಿಂದ ಕೋಳಿಗಳನ್ನು ಮೆಲ್ಲಗೆ ಸರಿಸುತ್ತಿದ್ದಳು. ಬಿಸಿಲು ಇಳಿಯುವವರೆಗೆ ನಾವಿಬ್ಬರೂ ಕೊಡ ಕೆಳಗಿಡಲಿಲ್ಲ. ಕೆಲವು ಸತ್ತವು, ಹೆಚ್ಚಿನವು ಉಳಿದವು.

ತೊಟ್ಟಿಯ ತಳ ಕಂಡಾಗ ಗಾಳಿ ಬೀಸತೊಡಗಿತು. ಸತ್ತವನ್ನು ದೂರದಲ್ಲಿ ಹೂತು ನಾನು ಬರುವಾಗ ಅವ್ವ ನನ್ನ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಸೀರೆಯೆಲ್ಲ ಒದ್ದೆ, ಅಂಚಿಗೆ ಎರಡು ಪುಕ್ಕ ಅಂಟಿದ್ದವು. ಬೇಸಿಗೆಗೆ ಹಳ್ಳವೂ ಬತ್ತಿತ್ತು, ಮೈ ತೊಳೆಯಲು ಒಂದು ಚೊಂಬು ನೀರಿರಲಿಲ್ಲ, ತೊಳೆಯದೆ ಅವಳು ಹಳ್ಳ ದಾಟುವಂತಿರಲಿಲ್ಲ. ದಡದಲ್ಲಿ ನಿಂತು ಕೂಗಿದ್ದರೆ ಹಟ್ಟಿಯ ಯಾವ ಹೆಂಗಸಾದರೂ ಒಂದು ಕೊಡ ನೀರು ತಂದಿಡುತ್ತಿದ್ದಳು. ಕೂಗಲಾ ಅಂತ ಕೇಳಿದೆ. ಬೇಡ ಅಂದಳು.

‘ದೇವರ ಪೆಟ್ಟಿಗೆಗೆ ದೀಪ ಹಚ್ಬೇಕಲ್ಲವ್ವ.’

‘ಒಂದಿನ ತಡ್ಕಂತಾನೆ ದೇವ್ರು. ಇವು ತಡ್ಕಣವಲ್ಲ,’ ಅಂದು ಬುತ್ತಿ ಬಿಚ್ಚಿದಳು.

ಒಂದೇ ತಟ್ಟೆಯಿತ್ತು. ರೊಟ್ಟಿ ಬಿಸಿಲಿಗೆ ಹಪ್ಪಳದಂತಾಗಿತ್ತು, ಶೇಂಗಾ ಚಟ್ನಿಪುಡಿ ಮಾತ್ರ ಚೆನ್ನಾಗಿತ್ತು. ತಟ್ಟೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಉಂಡೆವು. ಶೆಡ್ಡು ಕಟ್ಟಿದ ಮೇಲೆ ಅವ್ವನ ಎದುರು ಕೂತು ಉಂಡದ್ದು ಅದೇ ಮೊದಲು. ಉಂಡು ಮುಗಿಸಿ ಅವಳು ಶೆಡ್ಡಿನ ಕಡೆ ಮುಖ ತಿರುಗಿಸಿ ಕೂತಳು.

‘ನಾಳೇನೂ ಹಿಂಗೇ ಕಾಯ್ತೈತೆ ಬಿಸ್ಲು. ಎಷ್ಟೊತ್ತಿಗೆ ಸುರು ಮಾಡ್ಬೇಕು?’

‘ರಾತ್ರಿ ಕರೆಂಟು ಬಂದ್ರೆ ತೊಟ್ಟಿ ತುಂಬಿಸ್ತೀನಿ. ಹತ್ತು ಗಂಟೆಗೆ,’ ಅಂದೆ.

‘ಹತ್ತಕ್ಕೆ ತಡ ಆಗ್ತೈತೆ ಕಣೋ. ಒಂಬತ್ತಕ್ಕೇ ಸುರು ಮಾಡಾನ,’ ಅಂದಳು ಅವ್ವ.